ಅಣವೀರಪ್ಪನ ಇಡೀ ಮೈ ಸ್ಕ್ಯಾನು

ಅಣವೀರಪ್ಪ: ಬರೇ ಮ್ಯಾಮೊಗ್ರಾಮ್ ನಡ್ಯಂಗಿಲ್ಲ ಅಂದ್ರ ನಡ್ಯಂಗಿಲ್ಲ! ಪೆಟ್ ಸ್ಕ್ಯಾನೇ ಆಗ್ಬೇಕು. ನೆತ್ತಿಯಿಂದ ಉಂಗುಷ್ಟದ ತನಕ!

ಭಾಗಮ್ಮ: ಮೆಲ್ಲಕ ಮಾತಾಡ್ರಿ. ಇದು ಆಸ್ಪತ್ರಿ, ನಿಮ್ಮ ನೆಹರು ಗಂಜಿನ ಕಾಳಿನ ಪ್ಯಾಟಿ ಅಲ್ಲ.

ಖೂಬಾ ಪ್ಲಾಟ್ ಬಡಾವಣೆಯ ಭಾಗಮ್ಮನಿಗೆ ಸ್ತನ ಕ್ಯಾನ್ಸರಿನ ಆಪರೇಷನ್ ಆಗಿ ನಾಲ್ಕು ವರ್ಷ. ಹೋದ ವಾರ ಹಳೆಯ ಹೊಲಿಗೆಯ ಪಕ್ಕದಲ್ಲೇ ಕಡಲೆಕಾಳಿನಷ್ಟು ಗಂಟು ಕೈಗೆ ಹತ್ತಿತ್ತು. ರೋಗ ಮರಳಿ ಬಂತೋ ಏನೋ ಎಂದು ಅವಳಿಗೂ ಅಂಜಿಕೆಯೇ. ಆದರೆ ಗಂಡನ ಅಂಜಿಕೆಯನ್ನೂ ಹೊತ್ತು ತಂದವಳಿಗೆ ತನ್ನದನ್ನು ಇಳಿಸಲು ಜಾಗವೆಲ್ಲಿ?

ಅಣವೀರಪ್ಪ: ಕಮಲಾಪುರದ ನಿಮ್ಮಕ್ಕ ಜಯದೇವಿಗೆ ಪೆಟ್ ಮಾಡಿದ್ರು. ನೀ ಏನ್ ಕಡಿಮಿ?

ಭಾಗಮ್ಮ: ಸ್ಕ್ಯಾನ್ ಅಂದ್ರ ಸೀರಿ ಏನ್ರಿ, ಅಕ್ಕಗ ಕೊಟ್ರ ತಂಗಿಗೂ ಕೊಡ್ಲಿಕ್ಕ? ಆಕಿಗೂ ಇದೇ ರೋಗ, ಮ್ಯಾಲ ಬೆನ್ನೆಲುಬು ನೋಯಾಕತ್ತಿತ್ತು. ರೋಗ ಮೈಯಾಗ ಎಲ್ಲೆರ ಹಬ್ಬ್ಯಾದೇನು ಅಂತ ನೋಡಿದ್ರು. ದೇವ್ರ ದಯಾ, ಹಬ್ಬಿರ್ಲಿಲ್ಲ.

ಅಣವೀರಪ್ಪ: ಹಂಗಾರ ಎಂಆರ್‌ಐ?

ಭಾಗಮ್ಮ: ನಿಮ್ಮ ಗಂಜ್‌ನ್ಯಾಗ ತೊಗರಿ ಚೀಲ ಬಂದ್ರ ಏನ್ ಮಾಡ್ತೀರಿ? ಇಡೀ ಚೀಲ ಸುರುವ್ತೀರೇನು?

ಅಣವೀರಪ್ಪ: ನನಗೇನ್ ಹುಚ್ಚ? ಮೊದಲ ಕಣ್ಲೆ ನೋಡ್ತೀನಿ. ಸಂಶೆ ಬಂದ್ರ ಸಲಾಕಿ ಚುಚ್ಚಿ ನಾಕು ಕಾಳ ತೆಗಿತೀನಿ.

ಭಾಗಮ್ಮ: ಡಾಕ್ಟರಮ್ಮನೂ ಅದೇ ಅಂದಾರ. ಮೊದಲ ಮ್ಯಾಮೊಗ್ರಾಮ್, ಜೋಡಿ ಸೋನೋಗ್ರಫಿ. ಸಂಶೆ ಉಳಿದ್ರ ಸೂಜಿ ಚುಚ್ಚಿ ಗಂಟಿನ ಚೂರು ತೆಗೆದು ನೋಡ್ತಾರ. ನಿಮ್ಮ ಎಂಆರ್‌ಐ, ಪೆಟ್ಟು ಬೇಕಂದ್ರ ಆಮ್ಯಾಲ.

ಅಣವೀರಪ್ಪ ಟೋಪಿ ತೆಗೆದು ಮಡಚಿದ, ಬಿಚ್ಚಿದ, ಮತ್ತೆ ಮಡಚಿದ.

ಅಣವೀರಪ್ಪ: ಮೊದಲ ಸಲ ನೀ ಗಂಟು ತೋರ್ಸಿದಾಗ ‘ಏನಾಗಂಗಿಲ್ಲ, ಅರಿಶಿಣ ಹಚ್ಚು’ ಅಂದವ ನಾನೇ. ಮೂರು ತಿಂಗಳ ಹಾಳ್ ಮಾಡಿದೆ. ಈ ಸಲ ಒಂದೂ ಮಶೀನ್ ಬಿಡಬಾರ್ದು ಅನಸ್ತದ ಭಾಗಾ.

ಭಾಗಮ್ಮ ಅವನ ಕೈ ಮೇಲೆ ಕೈಯಿಟ್ಟಳು. ಅಷ್ಟರಲ್ಲಿ ನರ್ಸ್ ಕೌಸರ್ ಅವಳ ಹೆಸರು ಕೂಗಿದಳು.

ಎರಡು ತಾಸಿನ ಮೇಲೆ ಭಾಗಮ್ಮ ಕೌಸರಳ ಕೈ ಹಿಡಿದುಕೊಂಡೇ ಹೊರಗೆ ಬಂದಳು.

ಭಾಗಮ್ಮ: ರೋಗ ಅಲ್ಲಂತ್ರೀ! ಹಳೆ ಗಾಯದಾಗ ಕೊಬ್ಬು ಗಂಟು ಕಟ್ಯಾದಂತ. ಎರಡೂ ಟೆಸ್ಟಿನ್ಯಾಗ ಸಾಫ್ ಕಂಡದ. ಸೂಜೀನೂ ಬ್ಯಾಡಂದ್ರು.

ಅಣವೀರಪ್ಪ ಗೋಡೆಯ ಕಡೆ ತಿರುಗಿ ಟೋಪಿಯಿಂದಲೇ ಕಣ್ಣೊರೆಸಿಕೊಂಡ. ಆಮೇಲೆ ಗಂಟಲು ಸರಿಮಾಡಿಕೊಂಡು ಕಮಲಾಪುರಕ್ಕೆ ಫೋನ್ ಹಚ್ಚಿದ.

ಅಣವೀರಪ್ಪ: ಜಯದೇವಿ ಅಕ್ಕಾರ, ಎಲ್ಲಾ ಬರೋಬರಿ ಅದರೀ! ಪೆಟ್ಟು ಗಿಟ್ಟು ಏನೂ ಬೇಕಾಗ್ಲಿಲ್ಲ. ಮ್ಯಾಮೊಗ್ರಾಮ್ ಸಾಕು ಅಂತ ಮುಂಜಾನಿಂದ ಬಡ್ಕೊಳ್ಳಾಕತ್ತೀನಿ. ನಿಮ್ಮ ತಂಗಿ ಕೇಳಬೇಕಲ್ಲ!

ಮುಂಜಾನೆ ಅವನ ಕೂಗಾಟ ಕೇಳಿದ್ದ ಕೌಸರ್ ಕಣ್ಣರಳಿಸಿ ಭಾಗಮ್ಮನ ಮುಖ ನೋಡಿದಳು.

ಭಾಗಮ್ಮ: ಆ ಇಡೀ ಮೈ ಮಶೀನ್ ಖಾಲಿ ಅದೇನವ್ವ? ಇವ್ರನ್ನ ಒಮ್ಮಿ ಅದರಾಗ ಮಲಗ್ಸು. ನಾಲಿಗ್ಯಾಗ ಎಲ್ಲೆರ ಒಂದು ಎಲುಬು ಅದೇನು, ನೋಡೇ ಬಿಡೂಣು!