ಮಾಸೂರಿನ ತೌಡೆಣ್ಣೆ ಷೇರು ಕೊಂಡ ಅನುಭವಸ್ಥರಿಗೆ

ಸಂಖ್ಯೆ: ಷೇ.ಅ/ತೌಡು/17/86-87
ಹಾನಗಲ್ಲ, ದಿನಾಂಕ: 9-2-1987

ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ತಾಲೂಕುಗಳ ಸಮಸ್ತ ಅನುಭವಿ ಷೇರುದಾರರಿಗೆ

ವಿಷಯ: ಹತ್ತು ವರ್ಷಕ್ಕೂ ಮೇಲ್ಪಟ್ಟು ಷೇರು ವ್ಯವಹಾರ ಬಲ್ಲವರೇ ಎರಡು ರೂಪಾಯಿ ಷೇರಿಗೆ ಮರುಳಾಗುತ್ತಿರುವ ಬಗ್ಗೆ.

ಉಲ್ಲೇಖ: (1) ನಿವೃತ್ತ ಶಿರಸ್ತೇದಾರ ಶ್ರೀ ಗುದ್ಲೆಪ್ಪ ಇವರ ಮನವಿ. (2) ಈ ಕಚೇರಿಯ ಕಸಗುಡಿಸುವ ಶ್ರೀಮತಿ ಹುಚ್ಚವ್ವ ಇವರ ಹೇಳಿಕೆ.

1. ಶ್ರೀ ಗುದ್ಲೆಪ್ಪ ಇವರು ಹದಿನೆಂಟು ವರ್ಷಗಳಿಂದ ಷೇರುದಾರರಾಗಿದ್ದು, ಪತ್ರಿಕೆಯ ಧಾರಣೆ ಪುಟವನ್ನು ಕೆಂಪು ಪೆನ್ಸಿಲ್ಲಿನಿಂದ ಗೀಟು ಹಾಕಿ ಓದುವವರಾಗಿರುತ್ತಾರೆ. ಕಳೆದ ಜೂನ್‌ನಲ್ಲಿ ಹುಬ್ಬಳ್ಳಿಯ ಏಜಂಟನೊಬ್ಬನು ಇವರ ಮನೆಗೆ ಬಂದು, ಮಾಸೂರಿನಲ್ಲಿ ಅಕ್ಕಿತೌಡಿನಿಂದ ಎಣ್ಣೆ ತೆಗೆಯುವ ಕಾರ್ಖಾನೆ ಏಳುತ್ತಿದೆ, ಷೇರು ಎರಡೇ ರೂಪಾಯಿ, ಈ ಸುದ್ದಿ ತಮ್ಮಂಥ ತಿಳಿದವರಿಗೆ ಮಾತ್ರ ಎಂದು ತಿಳಿಸಿದನು. ‘ತಿಳಿದವರು’ ಎಂಬ ಪದ ಕಿವಿಗೆ ಬಿದ್ದ ನಂತರ ಯಾವುದೇ ವಿಚಾರಣೆ ನಡೆದಿರುವುದಿಲ್ಲ.

2. ಏಜಂಟನ ಕಡೆಯವರೇ ತಮ್ಮತಮ್ಮಲ್ಲಿ ಕೊಂಡು ಮಾರಿ ಧಾರಣೆಯನ್ನು ಐದಕ್ಕೆ ಏರಿಸಿದರು. ಪಿಂಚಣಿಗೆಂದು ಈ ಕಚೇರಿಗೆ ಬಂದ ಗುದ್ಲೆಪ್ಪ ಇವರು, ಸಾವಿರ ಷೇರು ಕೊಳ್ಳುವುದಾಗಿ ಸಿಬ್ಬಂದಿಗೆ ಸಾರಿದರು. ಆಗ ಹುಚ್ಚವ್ವ ಇವರು ಹೇಳಿದ್ದು: “ಮಾಸೂರು ನನ್ನ ತವರುಮನಿರೀ ಸಾಹೇಬ್ರ. ಅಲ್ಲೆ ಬೋರ್ಡ ಐತ್ರಿ. ಬೋರ್ಡಿನ ಹಿಂದ ಬರೇ ಭತ್ತ ಐತ್ರಿ.”

ಉತ್ತರ: “ಹದಿನೆಂಟು ವರ್ಷ ಷೇರ ಹಿಡದೇನಿ. ಕಸಬರಗಿ ಹಿಡದಾಕಿ ನನಗ ಹೇಳಾಕ ಬರ್ತಿ?”

ಹುಚ್ಚವ್ವ ಇವರು ಕಸ ಗುಡಿಸುವುದನ್ನು ಮುಂದುವರಿಸಿದರು. ಗುದ್ಲೆಪ್ಪ ಇವರು ಐದರಂತೆ ಕೊಂಡರು. ಇವರನ್ನು ನಂಬಿ ಸವಣೂರಿನ ಎಲೆ ವ್ಯಾಪಾರಿ ಹುಸೇನಸಾಬ ಇವರೂ ಶಿಗ್ಗಾಂವಿಯ ಇಬ್ಬರು ವಕೀಲರೂ ಕೊಂಡರು. ಅವರೂ ಅನುಭವಸ್ಥರೇ.

3. ಏಜಂಟನು ತನ್ನ ಪಾಲನ್ನೆಲ್ಲ ಇವರಿಗೇ ಮಾರಿ ಹುಬ್ಬಳ್ಳಿಯ ಖೋಲಿಗೆ ಬೀಗ ಹಾಕಿದನು. ಧಾರಣೆ ಮೂರಕ್ಕೆ ಇಳಿಯಿತು. ಇಳಿದಾಗ ಕೊಂಡರೆ ಕೊಂಡ ಬೆಲೆಯ ಸರಾಸರಿ ಇಳಿಯುತ್ತದೆ ಎಂಬ ವಿದ್ಯೆ ಬಲ್ಲ ಗುದ್ಲೆಪ್ಪ ಇವರು, ಪತ್ನಿ ಭರಮವ್ವ ಇವರು ಆರು ವರ್ಷ ಹಾಲು ಮಾರಿ ಕೂಡಿಟ್ಟ ಮೂರು ಸಾವಿರದಿಂದ ಮತ್ತೆ ಸಾವಿರ ಷೇರು ಕೊಂಡರು. ಹಣ ತೆಗೆಯುವ ಚೀಟಿಯನ್ನು ಎಮ್ಮೆ ಸಾಲದ ಅರ್ಜಿಯೆಂದು ಓದಿ ಹೇಳಿ, ಹೆಬ್ಬೆಟ್ಟು ಪಡೆಯಲಾಯಿತು. ಸರಾಸರಿ ಇಳಿಯಿತು. ಧಾರಣೆ ನಾಲ್ಕಾಣೆಗೆ ಇಳಿಯಿತು.

4. ಡಿಸೆಂಬರಿನಲ್ಲಿ ಗುದ್ಲೆಪ್ಪ ಇವರು ಬಸ್ ಹತ್ತಿ ಪ್ರಥಮ ಬಾರಿಗೆ ಮಾಸೂರಿಗೆ ತೆರಳಿ, ಬೋರ್ಡಿನ ಎದುರು ಒಂದು ತಾಸು ನಿಂತರು. ಹಿಂದೆ ಕಣದಲ್ಲಿದ್ದ ರೈತನು, ಭತ್ತ ಕೊಳ್ಳಲು ಬಂದಿರೇನು ಎಂದು ಕೇಳಲಾಗಿ, ನಾಚಿಕೆಯಿಂದ ಹೌದೆಂದು ಅರ್ಧ ಚೀಲ ಕೊಂಡು ಮರಳಿದರು. ಸದರಿ ಕಂಪನಿಯಿಂದ ಇವರಿಗೆ ದೊರೆತ ಲಾಭಾಂಶ ಇದೊಂದೇ; ಇದಕ್ಕೂ ಹಣ ತೆತ್ತಿರುತ್ತಾರೆ.

5. ಆದ್ದರಿಂದ ಈ ಕೆಳಗಿನಂತೆ ವಿಧಿಸಲಾಗಿದೆ:

(ಅ) ಷೇರು ಕೊಳ್ಳುವ ಮುನ್ನ ಕಾರ್ಖಾನೆಗೆ ಹೋಗಿಬಂದ ಬಸ್ ಟಿಕೇಟು ಲಗತ್ತಿಸತಕ್ಕದ್ದು. ಬೋರ್ಡನ್ನು ಮುಂದಿನಿಂದ ನೋಡಿದ್ದು ಪರಿಗಣಿಸಲಾಗುವುದಿಲ್ಲ.

(ಆ) ‘ನನ್ನ ಅನುಭವದಾಗ’ ಎಂಬ ಮಾತನ್ನು ದಿನಕ್ಕೆ ಎರಡು ಸಲಕ್ಕಿಂತ ಹೆಚ್ಚು ಆಡತಕ್ಕದ್ದಲ್ಲ. ಹಬ್ಬದ ದಿನ ಮೂರು.

(ಇ) ಹತ್ತು ವರ್ಷಕ್ಕೆ ಮೀರಿದ ಅನುಭವವನ್ನು ಪ್ರತಿ ಸೋಮವಾರ ಈ ಕಚೇರಿಯಲ್ಲಿ ಜಮಾ ಮಾಡಿ ರಸೀದಿ ಪಡೆಯತಕ್ಕದ್ದು. ಹರಿದ, ಮಾಸಿದ ಅನುಭವವನ್ನೂ ಸ್ವೀಕರಿಸಲಾಗುವುದು. ಹಿಂದಿರುಗಿಸಲಾಗುವುದಿಲ್ಲ.

6. ಧಾರಣೆ ಮತ್ತೆ ಐದು ಮುಟ್ಟುವವರೆಗೆ ಈ ಸುತ್ತೋಲೆಯನ್ನು ತಡೆಹಿಡಿಯಬೇಕೆಂಬ ಗುದ್ಲೆಪ್ಪ ಇವರ ಮನವಿಯನ್ನು ತಿರಸ್ಕರಿಸಲಾಗಿದೆ. ಮನವಿಯ ಹಿಂಬದಿಯಲ್ಲಿ, ಒಂದೂವರೆ ರೂಪಾಯಿಯ ಬೇರೊಂದು ಷೇರಿನ ಲೆಕ್ಕ ಮಾಡಿರುವುದು ಕಂಡುಬಂದಿದೆ.

ಸಹಿ/-
ಅಧೀಕ್ಷಕರು

ಪ್ರತಿಗಳು:
1. ಶ್ರೀ ಹುಸೇನಸಾಬ, ಸವಣೂರು, ಹಾಗೂ ಇಬ್ಬರು ವಕೀಲರು, ಶಿಗ್ಗಾಂವಿ: ತಪ್ಪದೆ ಪಾಲಿಸಲು.
2. ಶ್ರೀಮತಿ ಹುಚ್ಚವ್ವ: ಗೌರವಾರ್ಥ. ಪಾಲನೆ ಅಗತ್ಯವಿಲ್ಲ.
3. ಶ್ರೀಮತಿ ಭರಮವ್ವ: ಮಾಹಿತಿಗಾಗಿ. ಇದನ್ನು ಪತಿಯನ್ನು ಬಿಟ್ಟು ಬೇರೆ ಯಾರಿಂದಲಾದರೂ ಓದಿಸಿಕೊಳ್ಳತಕ್ಕದ್ದು.