ಎಡಗಣ್ಣು ಏಳು, ಬಲಗಣ್ಣು ಐದು

ನೌಕರನ ಎರಡೂ ಕಣ್ಣುಗಳ ಸುತ್ತಲಿನ ಕಪ್ಪು ಒಂದೇ ಸಮನಾಗಿರಬೇಕು ಎಂಬ ನಿಯಮ ಅಳತೆ ಮತ್ತು ತೂಕದ ಕಚೇರಿಯಲ್ಲಿ ಮೊದಲು ಇರಲಿಲ್ಲ. ಈಗ ಇದೆ. ಗೋಡೆಗೆ ಅಂಟಿಸಿದ್ದಾರೆ, ನಂಬದವರು ಹೋಗಿ ಓದಬಹುದು. ಕಚೇರಿ ಹತ್ತು ಗಂಟೆಗೆ ತೆರೆಯುತ್ತದೆ, ಎಂದರೆ ಹನ್ನೊಂದೂವರೆಗೆ.

ಆ ಕಚೇರಿಯಲ್ಲಿ ಇಪ್ಪತ್ತಾರು ವರ್ಷಗಳಿಂದ ತಕ್ಕಡಿಗಳಿಗೆ ಮುದ್ರೆ ಹಾಕುತ್ತಿದ್ದವನನ್ನು ಎಲ್ಲರೂ ಮುದ್ರೆಯಣ್ಣ ಎಂದೇ ಕರೆಯುತ್ತಿದ್ದರು. ಪೇಟೆಯ ಪ್ರತಿ ಅಂಗಡಿಯ ತಕ್ಕಡಿಯೂ ವರ್ಷಕ್ಕೊಮ್ಮೆ ಅವನ ಮೇಜಿಗೆ ಬರಲೇಬೇಕು. ಎರಡು ತಟ್ಟೆ ಸಮ ನಿಂತರೆ ಅವನು ಸೀಸದ ಬಿಲ್ಲೆ ಕಟ್ಟಿ ಇಕ್ಕಳದಿಂದ ಒತ್ತುತ್ತಿದ್ದ, ಬಾಗಿದರೆ ಜಪ್ತಿ. ಅವನ ಕೈಯೋ, ಅದರ ಬಗ್ಗೆ ಎಷ್ಟು ಹೇಳಿದರೂ ಕಡಿಮೆ. ಒಮ್ಮೆ ಕಚೇರಿಯ ತಕ್ಕಡಿಯೇ ಕೆಟ್ಟು ಕೂತಾಗ ಎರಡು ವಾರ ಅವನ ಅಂಗೈಗಳನ್ನೇ ತಕ್ಕಡಿ ಎಂದು ದಾಖಲೆಯಲ್ಲಿ ಬರೆದುಕೊಂಡಿದ್ದರು. ತಟ್ಟೆಯ ಮೇಲಿಂದ ನೊಣ ಹಾರಿದರೆ, ಅದು ಹೊಟ್ಟೆ ತುಂಬಿಸಿಕೊಂಡು ಹಾರಿತೋ ಹಸಿದು ಹಾರಿತೋ ಎಂದು ಹೇಳಬಲ್ಲವನಾಗಿದ್ದ. ಅಷ್ಟು ವರ್ಷಗಳಲ್ಲಿ ಒಂದೇ ಒಂದು ಸುಳ್ಳು ಮುದ್ರೆ ಒತ್ತಿರಲಿಲ್ಲ. ಅವನಿಗೆ ಅದು ಹೆಮ್ಮೆ. ಕಚೇರಿಗೆ ಅದೊಂದು ತೊಡಕು.

ಅವನ ಕಣ್ಣುಗಳ ಸುತ್ತ ಚಿಕ್ಕಂದಿನಿಂದ ಕಪ್ಪು. ತಾಯಿಗೂ ಇತ್ತು, ಸೋದರಮಾವನಿಗೂ ಇತ್ತು. ಅವನದು ಎಡಗಡೆ ತುಸು ಗಾಢ. ಕಂಡಕಂಡವರೆಲ್ಲ "ಯಾಕೆ, ನಿದ್ದೆ ಆಗಿಲ್ವಾ?" ಎಂದು ಕೇಳುತ್ತಿದ್ದರು. ಅವನೋ ಎಂಟು ತಾಸು ಗೊರಕೆ ಹೊಡೆದು ಬಂದಿರುತ್ತಿದ್ದ. ಮೊದಮೊದಲು ವಂಶದ ಕಥೆಯನ್ನೆಲ್ಲ ಬಿಡಿಸಿ ಹೇಳಿದ. ಕೊನೆಗೆ "ಆಗಿಲ್ಲ" ಎಂದುಬಿಟ್ಟರೆ ಜನ ಸಂತೋಷವಾಗಿ ಮುಂದೆ ಹೋಗುತ್ತಾರೆ ಎಂದು ಕಂಡುಕೊಂಡ.

ಹೀಗಿರಲು ಒಂದು ದಿನ ಧಾನ್ಯದಂಗಡಿಯ ಸಾಹುಕಾರನ ತಕ್ಕಡಿ ಬಂತು. ಮುದ್ರೆಯಣ್ಣ ಸಾಮಾನಿನ ತಟ್ಟೆಯ ಅಡಿಗೆ ಬೆರಳಾಡಿಸಿದ. ಮೇಣ, ಮೇಣದೊಳಗೆ ಕಬ್ಬಿಣದ ಚೂರು. ಜಪ್ತಿ. ಸಾಹುಕಾರ ಅಲ್ಲೇ ಒಂದು ಹಾಳೆ ಇಸಿದುಕೊಂಡು ದೂರು ಬರೆದ: "ತನ್ನ ಮುಖದಲ್ಲೇ ಎಡಬಲ ಸಮವಿಲ್ಲದ ವ್ಯಕ್ತಿಯು ನನ್ನ ತಕ್ಕಡಿಯ ಎಡಬಲದ ಬಗ್ಗೆ ತೀರ್ಪು ನೀಡಿರುವುದು ತಾಂತ್ರಿಕವಾಗಿ ಊರ್ಜಿತವೇ? ಪರಿಶೀಲಿಸಬೇಕಾಗಿ ವಿನಂತಿ."

ಬೇರೆ ಕಚೇರಿಯಾಗಿದ್ದರೆ ನಕ್ಕು ಹರಿದು ಹಾಕುತ್ತಿದ್ದರು. ಇದು ಅಳತೆಯ ಕಚೇರಿ. ಅಳೆಯಲು ಬರುವಂಥದ್ದನ್ನು ಅಳೆಯದೆ ಬಿಡುವ ಪದ್ಧತಿ ಇಲ್ಲಿಲ್ಲ.

ದೊಡ್ಡ ಸಾಹೇಬರು ದೂರನ್ನು ಮೂರು ಸಲ ಓದಿ, "ಆಕ್ಷೇಪಣೆಯಲ್ಲಿ ತೂಕವಿದೆ" ಎಂದು ಷರಾ ಬರೆದರು. ಗೋಡೆಗೆ ಬಣ್ಣ ಹೊಡೆಸಿದಾಗ ಉಳಿದಿದ್ದ ಹತ್ತು ಬಣ್ಣಗಳ ಮಾದರಿ ಚೀಟಿ ಉಗ್ರಾಣದಲ್ಲಿತ್ತು: ಒಂದನೆಯದು ಸುಣ್ಣ, ಹತ್ತನೆಯದು ಇದ್ದಿಲು. ಹೆಡ್ ಕ್ಲರ್ಕ್ ಅದನ್ನು ಹಿಡಿದುಕೊಂಡು ಬಂದ.

"ಅಲುಗಾಡಬೇಡ ಮುದ್ರೆಯಣ್ಣ. ಮುಳ್ಳು ನಿಲ್ಲಲಿ."

"ನನಗೆಲ್ಲಿ ಬಂತಪ್ಪ ಮುಳ್ಳು?"

"ಮೂಗು ಇದೆಯಲ್ಲ."

ಎಡಗಣ್ಣು ಏಳು ಬಂತು, ಬಲಗಣ್ಣು ಐದು. ವ್ಯತ್ಯಾಸ ಎರಡು. ತಕ್ಕಡಿಗೆ ಅನುಮತಿ ಇರುವುದು ಅರ್ಧ. ಹೆಡ್ ಕ್ಲರ್ಕ್ ತುಂಬ ಬೇಸರದಿಂದ "ತಿರಸ್ಕೃತ" ಎಂಬ ಚೀಟಿಯನ್ನು ಅವನ ಅಂಗಿಯ ಗುಂಡಿಗೆ ದಾರದಲ್ಲಿ ಕಟ್ಟಿದ. ತಿರಸ್ಕೃತ ವಸ್ತುವನ್ನು ಮೂವತ್ತು ದಿನಗಳೊಳಗೆ ದುರಸ್ತಿ ಮಾಡಿಸಬೇಕು, ತಪ್ಪಿದರೆ ಸುತ್ತಿಗೆಯಿಂದ ಜಜ್ಜತಕ್ಕದ್ದು ಎಂದು ನಿಯಮ. ಸುತ್ತಿಗೆಯ ಭಾಗ ಮನುಷ್ಯರಿಗೂ ಅನ್ವಯಿಸುತ್ತದೆಯೇ ಎಂದು ಸ್ಪಷ್ಟೀಕರಣ ಕೋರಿ ಮೇಲಿನ ಕಚೇರಿಗೆ ಬರೆಯಲಾಯಿತು. ಉತ್ತರ ಬರುವವರೆಗೆ ಸುತ್ತಿಗೆಯನ್ನು ಕೈಗೆಟುಕುವಂತೆ ಇಡಲಾಯಿತು.

ದುರಸ್ತಿಯಾಗದಿದ್ದರೆ ಅವನ ಇಕ್ಕಳ ಸಾಹೇಬರ ಬಾಮೈದನ ಕೈಗೆ ಹೋಗುವುದು ಎಂಬುದೂ ತೀರ್ಮಾನವಾಯಿತು. ಬಾಮೈದನ ಮುಖ ಹೊಸದಾಗಿ ಸುಣ್ಣ ಬಳಿದ ಗೋಡೆಯ ಹಾಗೆ, ಎಲ್ಲಿ ನೋಡಿದರೂ ಒಂದೇ ಸಮ. ಕಣ್ಣು ಮುಚ್ಚಿಸಿ ಕುಂಬಳಕಾಯಿ ಕೊಟ್ಟರೆ ನಿಂಬೆಹಣ್ಣೇ ಎಂದು ಕೇಳುವ ಆಸಾಮಿ. ಆದರೆ ಅದನ್ನು ಯಾರೂ ಅಳೆಯಲಿಲ್ಲ.

ಮುದ್ರೆಯಣ್ಣನನ್ನು ಜಪ್ತಿ ಕೋಣೆಯಲ್ಲಿ ಕೂರಿಸಿದರು. ಸುತ್ತಲೂ ಅವನೇ ಹಿಡಿದುಹಾಕಿದ್ದ ಡೊಂಕು ತಕ್ಕಡಿಗಳು, ತಳ ಕೊರೆದ ತೂಕದ ಕಲ್ಲುಗಳು, ಕಂಠ ಬಗ್ಗಿಸಿದ ಸೇರುಗಳು. ಎದುರಿಗೆ ಸಾಹುಕಾರನ ತಕ್ಕಡಿ.

ಚರ್ಮದ ವೈದ್ಯರ ಹತ್ತಿರ ಹೋದ. ಅವರು ಬೆಳಕು ಬಿಟ್ಟು ನೋಡಿ, "ಇದು ರೋಗ ಅಲ್ಲ ಕಣ್ರೀ, ಮನೆತನದಲ್ಲಿ ಬಂದಿರೋದು. ಕಣ್ಣು ಉಜ್ಜಬೇಡಿ, ಬಿಸಿಲಲ್ಲಿ ಟೋಪಿ ಹಾಕ್ಕೊಳ್ಳಿ, ಸುಮ್ಮನೆ ಇರಿ" ಎಂದರು.

"ಸುಮ್ಮನೆ ಇದ್ದೆ ಡಾಕ್ಟ್ರೇ, ಐವತ್ತೆರಡು ವರ್ಷ. ಈಗ ಬಿಡ್ತಿಲ್ಲ."

"ಹಾನಿಯಿಲ್ಲ" ಎಂದು ವೈದ್ಯರು ಬರೆದುಕೊಟ್ಟರು. ಕಚೇರಿ ಆ ಪತ್ರವನ್ನು ಹಿಂದಿರುಗಿಸಿತು. ಹಾನಿಯ ಪ್ರಮಾಣವನ್ನು ಅಂಕಿಯಲ್ಲಿ ನಮೂದಿಸಿರಲಿಲ್ಲ.

ಅಷ್ಟರಲ್ಲಿ ಸಾಹೇಬರು ಸಿಬ್ಬಂದಿಯ ಹಿತಕ್ಕಾಗಿ ಇಡೀ ಕಚೇರಿಗೆ ಮುಲಾಮು ತರಿಸಿದರು. ಒದಗಿಸಿದವನು ಬಾಮೈದ. ಜವಾನನಿಂದ ಹಿಡಿದು ಹೆಡ್ ಕ್ಲರ್ಕ್‌ವರೆಗೆ ಎಲ್ಲರೂ ಹಚ್ಚಿ ರುಜು ಹಾಕಬೇಕು. ಎರಡು ವಾರ ಹಚ್ಚಿದ ಮೇಲೆ ಮುದ್ರೆಯಣ್ಣನ ಬಲಗಣ್ಣಿನ ಸುತ್ತ ಚೆನ್ನಾಗಿ ತಿಳಿಯಾಗಿ ನಾಲ್ಕಕ್ಕೆ ಇಳಿಯಿತು. ಎಡಗಣ್ಣು ಏಳರಿಂದ ಕದಲಲಿಲ್ಲ. ವ್ಯತ್ಯಾಸ ಮೂರಾಯಿತು. "ಮುಲಾಮು ಕೆಲಸ ಮಾಡುತ್ತಿದೆ" ಎಂದು ಸಾಹೇಬರು ಷರಾ ಬರೆದು ಇನ್ನೊಂದು ಗಾಡಿ ತುಂಬ ತರಿಸಿದರು.

ಇಪ್ಪತ್ತೊಂಬತ್ತನೆಯ ದಿನ ಅವನು ಊಟ ಬಿಟ್ಟು ಕೂತ. ಹೆಂಡತಿ ಸೌತೆಕಾಯಿಯ ಬಿಲ್ಲೆ, ಆಲೂಗಡ್ಡೆಯ ರಸ, ತಣ್ಣೀರ ಬಟ್ಟೆ ಎಲ್ಲವನ್ನೂ ಮುಗಿಸಿ ಸೋತಿದ್ದಳು.

"ನಾನು ಈ ಕಣ್ಣು ನೋಡಿಯೇ ನಿಮ್ಮನ್ನ ಒಪ್ಪಿದ್ದು. ಈಗ ಒಪ್ಪೋಕೆ ನಿಮ್ಮ ಸಾಹೇಬ್ರು ಯಾರಂತೆ?"

"ಇಕ್ಕಳ ಹೋಗತ್ತೆ ಕಣೇ. ಆ ಬಾಮೈದನ ಕೈಗೆ ಹೋದ್ರೆ ಪೇಟೆ ತುಂಬ ಸುಳ್ಳು ತಕ್ಕಡಿ."

ಅವಳು ಕೇಳಿದಳು: "ರೀ, ತಕ್ಕಡಿ ಎಡಕ್ಕೆ ಬಾಗಿದ್ರೆ ಅಂಗಡಿಯವ್ರು ಏನು ಮಾಡ್ತಾರೆ?"

"ಯೋಗ್ಯರಾದ್ರೆ ರಿಪೇರಿಗೆ ಕೊಡ್ತಾರೆ. ಕಳ್ಳರಾದ್ರೆ ಬಲಗಡೆ ತಟ್ಟೆಯಡಿ ಏನಾದ್ರೂ ಅಂಟಿಸ್ತಾರೆ."

"ರಿಪೇರಿಗೆ ಕೊಟ್ಟಾಯ್ತು" ಎಂದು ಅವಳು ಎದ್ದುಹೋಗಿ ಕಾಡಿಗೆಯ ಡಬ್ಬಿ ತಂದಳು.

ಅವನು ಬೇಡವೆಂದ. ಇಪ್ಪತ್ತಾರು ವರ್ಷ ಎಂದ. ಮುಖ ತಿರುಗಿಸಿದ. ಅವಳು ಗಲ್ಲ ಹಿಡಿದು ತನ್ನ ಕಡೆ ತಿರುಗಿಸಿಕೊಂಡಳು. "ಕಣ್ಣು ಮುಚ್ಚಿ. ನಿಮ್ಮ ಕಚೇರೀಲಿ ಎಲ್ಲರೂ ಮುಚ್ಚಿದ್ದಾರೆ, ನೀವು ಐದು ನಿಮಿಷ ಮುಚ್ಚಿದ್ರೆ ಏನೂ ಆಗಲ್ಲ."

ಮರುದಿನ ಅಳತೆಯಾಯಿತು. ಎಡ ಏಳು, ಬಲ ಏಳು. ಬಣ್ಣದ ಚೀಟಿ ತಾಗಿಸಿದಾಗ ಅದರ ಅಂಚಿಗೆ ಕಪ್ಪು ಹತ್ತಿತು. ಹೆಡ್ ಕ್ಲರ್ಕ್ ಅಂಚನ್ನು ನೋಡಿದ, ಮುದ್ರೆಯಣ್ಣನನ್ನು ನೋಡಿದ, ಪಂಚೆಗೆ ಒರೆಸಿಕೊಂಡು "ಸಮ" ಎಂದು ಬರೆದ. ಅಂಗಿಯ ಗುಂಡಿಗೆ ಸೀಸದ ಬಿಲ್ಲೆ ಕಟ್ಟಿ ಮುದ್ರೆ ಒತ್ತಿದರು. ಇಕ್ಕಳ ಉಳಿಯಿತು. ಸಾಹೇಬರು ಕೈಕುಲುಕಿ, ಯಶಸ್ಸಿನ ಕೀರ್ತಿಯನ್ನು ಮುಲಾಮಿಗೆ ಕೊಟ್ಟರು.

ಅದೇ ವಾರ ಸುತ್ತೋಲೆ ಹೊರಟಿತು: "ಸಿಬ್ಬಂದಿಯ ಕಣ್ಣಿನ ಸುತ್ತಲಿನ ಕಪ್ಪು ಎಡಬಲ ಸಮನಾಗಿರತಕ್ಕದ್ದು. ವರ್ಷಕ್ಕೊಮ್ಮೆ ಮರುಮುದ್ರೆ ಕಡ್ಡಾಯ. ಕಪ್ಪು ಇಲ್ಲದವರು ಇಲ್ಲದಿರುವುದನ್ನು ಎರಡೂ ಕಡೆ ಸಮನಾಗಿ ಇಲ್ಲದಂತೆ ನೋಡಿಕೊಳ್ಳತಕ್ಕದ್ದು." ಬೆಳಗ್ಗೆ ಕಚೇರಿಯ ಮೆಟ್ಟಿಲ ಮೇಲೆ ಎಲ್ಲರೂ ಕನ್ನಡಿ ಹಿಡಿದು ಕೂರತೊಡಗಿದರು. ಬಾಮೈದ ಮುಲಾಮಿನ ಜೊತೆಗೆ ಕಾಡಿಗೆಯನ್ನೂ ಒದಗಿಸತೊಡಗಿದ.

ಹತ್ತು ದಿನ ಕಳೆದ ಮೇಲೆ ಸಾಹುಕಾರ ದಂಡ ಕಟ್ಟಿ ಬಿಡಿಸಿಕೊಂಡ ತಕ್ಕಡಿಯನ್ನು ಮತ್ತೆ ಪರೀಕ್ಷೆಗೆ ತಂದ. ಮುದ್ರೆಯಣ್ಣ ತಟ್ಟೆಯ ಅಡಿಗೆ ಬೆರಳಾಡಿಸಿದ. ಮೇಣ ಸಿಕ್ಕಿತು, ಒಳಗೆ ಅದೇ ಕಬ್ಬಿಣದ ಚೂರು. ತಲೆಯೆತ್ತಿದ.

ಸಾಹುಕಾರ ಅವನ ಬಲಗಣ್ಣನ್ನೇ ನೋಡುತ್ತಿದ್ದ. ಸೆಕೆಗೆ ಬೆವರಿ, ಕಾಡಿಗೆ ಸಣ್ಣ ಗೆರೆಯಾಗಿ ಕೆನ್ನೆಯ ಮೇಲೆ ಇಳಿದಿತ್ತು.

ಸಾಹುಕಾರ ಜೇಬಿನಿಂದ ಕರ್ಚೀಫು ತೆಗೆದು ಮೇಜಿನ ಮೇಲಿಂದ ಸರಿಸಿದ. "ಒರೆಸ್ಕೊಳ್ಳಿ ಅಣ್ಣಾ. ಯಾರಾದ್ರೂ ನೋಡಿದ್ರೆ ಚೆನ್ನಾಗಿರಲ್ಲ."

ಮುದ್ರೆಯಣ್ಣ ಒರೆಸಿಕೊಂಡ.

"ಎರಡು ತಟ್ಟೆ ಸಮ ಇದಾವಲ್ಲ?" ಎಂದ ಸಾಹುಕಾರ, ಬಹಳ ಮರ್ಯಾದೆಯಿಂದ.

ಮುದ್ರೆಯಣ್ಣ ಬೆರಳಿಗೆ ಅಂಟಿದ ಮೇಣವನ್ನು ಅದೇ ಕರ್ಚೀಫಿಗೆ ಒರೆಸಿದ. ಆ ಚೂರು ಎಷ್ಟು ತೂಗುತ್ತದೆ ಎಂದು ಅವನ ಕೈಗೆ ಗೊತ್ತಿತ್ತು. ಅಂಥ ಕೈ ಅದು. ಆಮೇಲೆ ಇಕ್ಕಳ ತೆಗೆದುಕೊಂಡು ಸೀಸದ ಬಿಲ್ಲೆಯ ಮೇಲೆ ಗಟ್ಟಿಯಾಗಿ ಒತ್ತಿದ.

"ಸಮ" ಎಂದ. "ಮುಂದಿನವರು ಬನ್ನಿ."