ಮೇಷ್ಟ್ರ ಕಂಪ್ಯೂಟರನ್ನು ಸುಲಭ ಮಾಡಿದ್ದು

ಉಪಕಾರ ಮಾಡುವ ಚಟ ನನಗಿದೆ. ಬೇರೆ ಚಟಗಳನ್ನು ಹೆಂಡತಿ ಬಿಡಿಸಿದಳು, ಇದೊಂದು ಉಳಿದುಕೊಂಡಿದೆ. ಹೈಸ್ಕೂಲಿನ ಗುಮಾಸ್ತಿಕೆಯಿಂದ ನಿವೃತ್ತನಾದ ಮೇಲೆ ತರೀಕೆರೆಯಲ್ಲಿ ಎರಡು ದಿನದ ಶಿಬಿರಕ್ಕೆ ಹೋಗಿ, ವಯಸ್ಸಾದವರಿಗೆ ಕಂಪ್ಯೂಟರನ್ನು ಸುಲಭ ಮಾಡಿಕೊಡುವುದು ಹೇಗೆಂದು ಕಲಿತು ಬಂದೆ. ಯಾರೋ ಪುಣ್ಯಾತ್ಮರು ಬರೆದು ಲೋಕಕ್ಕೆಲ್ಲ ಬಿಟ್ಟುಕೊಟ್ಟ ಮುಕ್ತ ತಂತ್ರಾಂಶವಂತೆ. ಹಳೆಯ ಯಂತ್ರದಲ್ಲೂ ಓಡುತ್ತದೆ, ಅಕ್ಷರ ಬೇಕಾದಷ್ಟು ದಪ್ಪವಾಗುತ್ತದೆ, ಕನ್ನಡದಲ್ಲಿ ಗಟ್ಟಿಯಾಗಿ ಓದಿಯೂ ಹೇಳುತ್ತದೆ. ಎರಡು ದಿನ ಕಲಿತವನ ಧೈರ್ಯದಿಂದ ನಾನು ಹೊರಟೆ.

ನನ್ನ ಮೊದಲ ಬಲಿ ಶಿವನಿಯ ರುದ್ರಪ್ಪ ಮೇಷ್ಟ್ರು, ನಮ್ಮ ಶಾಲೆಯಲ್ಲಿ ಕನ್ನಡ ಕಲಿಸಿದವರು. ಅವರ ಕಣ್ಣು ಇನ್ನು ಕೆಲವೇ ತಿಂಗಳು ಎಂದು ಕಡೂರಿನ ಡಾಕ್ಟರು ಹೇಳಿದ್ದರು. ಅಷ್ಟರೊಳಗೆ, ನಮ್ಮ ಜೊತೆ ಕೆಲಸ ಮಾಡಿ ತೀರಿಹೋದ ಒಂಬತ್ತು ಮೇಷ್ಟ್ರುಗಳ ಬಗ್ಗೆ ಒಂದೊಂದು ಬರಹ ಮುಗಿಸಬೇಕೆಂದು ಅವರ ಹಟ. ಐದು ಮುಗಿದಿದ್ದವು. ನಾನು ಅಜ್ಜಂಪುರದಿಂದ ಬಸ್ಸು ಹತ್ತಿ ಹೋಗಿ ನೋಡಿದರೆ ಪರದೆಯ ತುಂಬ ನಮ್ಮ ಶಾಲೆಯ ಹಳೆಯ ಗ್ರೂಪ್ ಫೋಟೋ, ಅದರ ಮೇಲೆಲ್ಲ ಚೆಲ್ಲಾಪಿಲ್ಲಿ ಕಡತಗಳು, ಹೆಸರು ನೋಡಿದರೆ 'ಹೊಸದು ಒಂದು', 'ಹೊಸದು ಎರಡು'. ನನ್ನೊಳಗಿನ ಗುಮಾಸ್ತ ಸಹಿಸಲಿಲ್ಲ. ಮಧ್ಯಾಹ್ನದೊಳಗೆ ಹೊಸ ತಂತ್ರಾಂಶ ಹಾಕಿ, ಫೋಟೋ ತೆಗೆದು ಹಳದಿ ಬಣ್ಣ ಬಳಿದು, ಕಡತಗಳನ್ನೆಲ್ಲ ಒಂದೇ ಪೆಟ್ಟಿಗೆಗೆ ತುಂಬಿ, ಹಲಸಿನ ತೊಳೆಯಷ್ಟು ದಪ್ಪ ಅಕ್ಷರದಲ್ಲಿ 'ಬರಹಗಳು' ಎಂದು ಬರೆದು ಬಂದೆ.

ಆಮೇಲೆ ಫೋನು ಮಾಡಿದಾಗಲೆಲ್ಲ 'ಭಾಳ ಚೆನ್ನಾಗೈತೆ ಕಣಪ್ಪ' ಎನ್ನುತ್ತಿದ್ದರು. ನಮ್ಮ ಕಡೆಯ ಹಿರಿಯರ ದಾಕ್ಷಿಣ್ಯವೇ ಹಾಗೆ. ಬಡಿಸಿದವರೆದುರು ಉಪ್ಪು ಹೆಚ್ಚಾಯಿತು ಎನ್ನುವುದಿಲ್ಲ. ಇದು ಗೊತ್ತಿದ್ದೂ ನಾನು ಎರಡು ತಿಂಗಳು ಊರ ತುಂಬ ಹೇಳಿಕೊಂಡು ತಿರುಗಿದೆ.

ಮತ್ತೆ ಹೋದಾಗ ಕಂಪ್ಯೂಟರಿಗೆ ಟವೆಲ್ಲು ಹೊದಿಸಿತ್ತು. ಬರಹ ಐದರಲ್ಲೇ ನಿಂತಿತ್ತು. ಬಹಳ ಒತ್ತಾಯಿಸಿದ ಮೇಲೆ ಮೇಷ್ಟ್ರು ಬಾಯಿಬಿಟ್ಟರು.

"ಯಾರ್ ಬಗ್ಗೆ ಬರೀತಿದ್ನೋ ಅದನ್ನ ಫೋಟೋದಲ್ಲಿ ಅವರ ಎದೆ ಮೇಲೇ ಇಟ್ಟಿದ್ದೆ ಕಣಪ್ಪ. ಮುಖ ಮಸುಕಾದ್ರೂ ಯಾರ್ ಎಲ್ಲಿ ನಿಂತವ್ರೆ ಅಂತ ಗೊತ್ತಿತ್ತು. ನೀನು ಅವರನ್ನೆಲ್ಲ ಕಳಿಸ್ಬಿಟ್ಟೆ. ಎದುರಿಗೆ ಅವರಿಲ್ದೆ ಬರೆಯಕ್ಕೆ ಕೈಯೇ ಬರ್ಲಿಲ್ಲ."

"ಮೊದಲೇ ಹೇಳಬಾರ್ದಿತ್ತಾ ಸಾರ್?"

"ಬಸ್ಸಲ್ಲಿ ಬಂದು, ಊಟನೂ ಮಾಡ್ದೆ ಮಾಡ್ಕೊಟ್ಟಿದ್ದೆ. ಹೆಂಗ್ ಹೇಳ್ಲಿ."

ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಫೋಟೋವನ್ನು ಮತ್ತೆ ಪರದೆಗೆ ತಂದೆ. ಒಂದೊಂದೇ ಕಡತ ತೆರೆದು ಓದಿದೆ. ಅವರು ಇದು ಡ್ರಿಲ್ ಮೇಷ್ಟ್ರದು, ಹಿಂದಿನ ಸಾಲು, ಎಡದಿಂದ ಮೂರನೆಯವರು ಎಂದು ಜಾಗ ಹೇಳಿದರು. ಆದರೆ ತಡವಾಗಿತ್ತು. ಅಷ್ಟು ದೊಡ್ಡ ಫೋಟೋ ಎದುರಿಗಿದ್ದರೂ ಅವರಿಗೆ ಬರೀ ಬೆಳಕು ಕಾಣುತ್ತಿತ್ತು.

ಕೊನೆಗೆ, ಬೇಡದ ಕಡತ ಎಸೆಯಲು ಪರದೆಯ ಮೇಲಿರುವ ಕಸದ ಬುಟ್ಟಿಯೊಂದು ಉಳಿಯಿತು. ಅದೆಲ್ಲಿತ್ತು ಎಂದು ಕೇಳಿದ್ದಕ್ಕೆ ಸ್ವಲ್ಪ ಸಂಕೋಚಪಟ್ಟು, ಮುಂದೆ ನೆಲದ ಮೇಲೆ ಕೂತವನ ಮುಖದ ಮೇಲೆ ಎಂದರು. ಅದು ನಾನು. ನೀನು ಬದುಕಿದ್ದೀಯಲ್ಲ, ಬರೆಯುವುದೇನೂ ಇರಲಿಲ್ಲ, ಜಾಗ ಖಾಲಿಯಿತ್ತು ಎಂದು ಸಮಾಧಾನ ಹೇಳಿದರು. ಅಲ್ಲೇ ಇಟ್ಟೆ. ಮೌಸು ಯಾವುದರ ಮೇಲೆ ಬಂತೋ ಅದರ ಹೆಸರನ್ನು ಗಟ್ಟಿಯಾಗಿ ಓದುವ ತಂತ್ರಾಂಶವನ್ನು ಆವತ್ತು ಚಾಲೂ ಮಾಡಿದೆ. ಎರಡು ತಿಂಗಳ ಹಿಂದೆಯೇ ಮಾಡಬೇಕಿತ್ತು.

ಈಗ ವಾರಕ್ಕೆರಡು ಸಲ ಹೋಗುತ್ತೇನೆ. ಉಳಿದ ನಾಲ್ವರ ಬಗ್ಗೆ ಅವರು ಹೇಳುತ್ತಾರೆ, ನಾನು ಬರೆದುಕೊಳ್ಳುತ್ತೇನೆ. ಅವರೇ ಬರೆದ ಐದರ ರುಚಿ ನನ್ನ ಕೈಯಲ್ಲಿ ಬರುತ್ತಿಲ್ಲ, ದುಃಖವಾಗುತ್ತದೆ. ಓದಿ ತೋರಿಸಿದರೆ ಮೇಷ್ಟ್ರು 'ಭಾಳ ಚೆನ್ನಾಗೈತೆ' ಎನ್ನುತ್ತಾರೆ. ಯಂತ್ರಕ್ಕೆ ಮಾತ್ರ ಆ ದಾಕ್ಷಿಣ್ಯವಿಲ್ಲ. ಮೇಷ್ಟ್ರು ಮೌಸು ಹಿಡಿದು ತಡಕಾಡುತ್ತ ನನ್ನ ಮುಖದ ಮೇಲೆ ಬಂದಾಗಲೆಲ್ಲ ಅದು ಗಟ್ಟಿಯಾಗಿ ಹೇಳುತ್ತದೆ: "ಕಸದ ಬುಟ್ಟಿ. ಖಾಲಿ."